ಹಾಗಲ್ಲ, ಪುಟ್ಟಿ

"ನಿಮ್ಮ ಮಗಳು ಕ್ಲಾಸಲ್ಲಿ ಬಾಯೇ ಬಿಡಲ್ಲ. ಕಿವಿ ಒಮ್ಮೆ ಡಾಕ್ಟರಿಗೆ ತೋರ್ಸಿ. ಬೇಕಾದ್ರೆ ನೀವೇ ಕೇಳಿ" ಎಂದು ಶಿಶುವಿಹಾರದ ಟೀಚರು ಫೋನಿನ ರೆಕಾರ್ಡಿಂಗ್ ಹಚ್ಚಿದರು. ತಾಯಿ ಕುರ್ಚಿಯ ತುದಿಯಲ್ಲಿ ಕೂತು ಬ್ಯಾಗಿನ ಪಟ್ಟಿ ಹಿಂಡುತ್ತಿದ್ದಳು.

ಅದರಲ್ಲಿ ಕ್ಲಾಸಿನ ಮಕ್ಕಳೆಲ್ಲ ಒಟ್ಟಾಗಿ ಹಾಡುತ್ತಿದ್ದರು. ನಡುವೆ ಸಣ್ಣ ದನಿಯೊಂದು ತನ್ನದೇ ರಾಗ ಹಿಡಿದು ಹೊರಟಿತು. "ಇವಳೇ. ಮನೇಲೂ ಹೀಗೇ ಹಾಡ್ತಾಳೆ" ಎಂದಳು ತಾಯಿ. ಮೂಲೆಯಲ್ಲಿ ಬ್ಲಾಕ್ ಜೋಡಿಸುತ್ತಿದ್ದ ಅವಳ ಮಗುವೂ ಆ ದನಿಯ ಜೊತೆ ಗುನುಗತೊಡಗಿತು.

"ಹಾಗಲ್ಲ ಪುಟ್ಟಿ, ಎಲ್ಲರ ಜೊತೆ ಹಾಡ್ಬೇಕು" ಎಂದಿತು ಫೋನಿನೊಳಗೆ ಟೀಚರ ದನಿ. ರೆಕಾರ್ಡಿಂಗಿನ ಸಣ್ಣ ರಾಗ ಅಲ್ಲಿಗೇ ನಿಂತಿತು. ಮೂಲೆಯ ಗುನುಗೂ ನಿಂತಿತು.

ಟೀಚರು ಗಡಿಬಿಡಿಯಿಂದ ಇನ್ನೊಂದು ರೆಕಾರ್ಡಿಂಗ್ ಒತ್ತಿದರು. ಅದರಲ್ಲೂ ಅದೇ "ಹಾಗಲ್ಲ". ಫೋನು ಆರಿಸಿ, ಮಗುವಿನ ಪಕ್ಕ ನೆಲದ ಮೇಲೆ ಕೂತರು. "ನಿನ್ನ ಹಾಡೇ ಹೇಳಮ್ಮ, ಕೇಳ್ತೀನಿ." ಮಗು ಹಾಡಲಿಲ್ಲ. ಅವರ ತುಟಿಗಳನ್ನೇ ನೋಡುತ್ತ "ಹಾಗಲ್ಲ"ಕ್ಕೆ ಕಾದಿತು.