ಎರಡು ಬೆರಳಿನ ಸಂದು

ಕಿರಿಸೊಸೆ ಲಾರಿಯ ಹಿಂಭಾಗದಡಿ ಕುಕ್ಕರುಗಾಲಲ್ಲಿ ಕೂತು, ಚಕ್ರದ ಅಚ್ಚಿಗೆ ಮೆತ್ತಿದ್ದ ಕೆಸರನ್ನು ಹಳೇ ಗೋಣಿಚೂರಿನಿಂದ ತಿಕ್ಕುತ್ತಿದ್ದಳು. ಈ ಲಾರಿ ಗಂಡನದು, ಪಕ್ಕದ್ದು ಭಾವನದು. ಯಾವುದು ಹೆಚ್ಚು ಕುಸಿಯುತ್ತದೆಂದು ನೋಡಲು ಎರಡರ ಮೇಲೂ ಒಂದೇ ತೂಕದ ಕಲ್ಲು ಹೇರಿ ನಿಲ್ಲಿಸಿದ್ದರು.

ಶೆಡ್ಡಿನ ಬಾಗಿಲಲ್ಲಿ ಮಾವ ಹೊಸ ಆಸರೆಪಟ್ಟಿಗಳ ಕಟ್ಟಿನ ಮೇಲೆಯೇ ಕೂತಿದ್ದರು. ಭಾರ ಬಿದ್ದಾಗ ಲಾರಿಯ ಹಿಂಭಾಗ ಕುಸಿಯದ ಹಾಗೆ ಸ್ಪ್ರಿಂಗಿನ ಮೇಲೆ ಬಿಗಿಯುವ ಉಕ್ಕಿನ ಪಟ್ಟಿಗಳು ಅವು. ಗಾಳಿ ತುಂಬುವ ಚೀಲ ಹಾಕಿಸೋಣ ಎಂದು ಕಿರಿಮಗ ಹೇಳಿ ನೋಡಿದ್ದ. "ಕಲ್ಲುದಾರೀಲಿ ಒಂದು ಚೂಪುಕಲ್ಲು ತಾಗಿದ್ರೆ ಠುಸ್ ಅನ್ನತ್ತೆ. ರಬ್ಬರ್ ತುಂಡು ಹಾಕಿದ್ರೆ ಈ ಭಾರಕ್ಕೆ ಅಪ್ಪಚ್ಚಿ. ಪಟ್ಟಿನೇ ಸರಿ" ಎಂದು ಮಾವ ಅವನ ಬಾಯಿ ಮುಚ್ಚಿಸಿದ್ದರು. ಆದರೆ ಸಿಕ್ಕಿದ್ದು ಒಂದೇ ಜೊತೆ. ಹೆಚ್ಚು ಕುಸಿದ ಲಾರಿಗೆ ಅದು.

"ಅಚ್ಚಿಗೂ ಮೇಲಿನ ರಬ್ಬರ್ ಗುಬುಟಿಗೂ ನಡುವೆ ಎಷ್ಟು ಸಂದು ಉಳಿದಿದೆ, ಬೆರಳಿಟ್ಟು ನೋಡಮ್ಮ. ಸಂದು ಕಮ್ಮಿ ಇದ್ದಷ್ಟೂ ಕುಸಿದಿರೋದು ಜಾಸ್ತಿ. ನನ್ನ ಹೊಟ್ಟೆ ಅಲ್ಲಿಗೆ ತೂರಲ್ಲ."

ಗಂಡನ ಲಾರಿಯಲ್ಲಿ ನಾಲ್ಕು ಬೆರಳು ಸಲೀಸಾಗಿ ಹೋದವು. ತೆವಳಿಕೊಂಡು ಭಾವನ ಲಾರಿಯಡಿ ಹೋದಳು. ಎರಡು ಹೋದವು, ಮೂರನೆಯದು ಹೋಗಲಿಲ್ಲ. ಹೊಸ ಟೈರು ಬಂದರೆ ಭಾವನಿಗೆ, ತೇದದ್ದು ಇವಳ ಗಂಡನಿಗೆ. ಗಾಳಿ ಬೆಳಕಿನ ಕೋಣೆ ಓರಗಿತ್ತಿಗೆ. ಮಾವ ಹೆಸರು ಹಿಡಿದು ಕರೆಯುವುದೂ ಅವಳನ್ನೇ. ಇವಳು ಬರೀ 'ನೋಡಮ್ಮ'. ಈಗ ಈ ಪಟ್ಟಿಯೂ ಅವರ ಪಾಲಿಗೇ?

"ಏನೇ, ಅಲ್ಲೇ ನಿದ್ದೆ ಮಾಡಿಬಿಟ್ಯಾ?" ಓರಗಿತ್ತಿ ಹೊರಗಿನಿಂದ ಬಗ್ಗಿ ಕೇಳಿದಳು.

"ಭಾವನದು ನಾಲ್ಕು ಬೆರಳು. ನಮ್ಮದು ಎರಡೇ." ಕಿರಿಸೊಸೆಯ ದನಿ ಎಂದಿನಂತೆ ಸಣ್ಣಗೇ ಇತ್ತು.

"ಸರಿಯಾಗಿ ನೋಡಿದ್ಯಾ?" ಓರಗಿತ್ತಿಯ ಮುಖದ ಬಣ್ಣವೇ ಬದಲಾಯಿತು. ನೋಡು, ಒಂದು ಸಲ ಕೈತಪ್ಪಿದ್ದಕ್ಕೆ ಹೇಗಾಡ್ತಾಳೆ ಅಂದುಕೊಂಡಳು ಇವಳು.

"ಅವಳ ಕಣ್ಣು ತಪ್ಪಲ್ಲ ಬಿಡು" ಎಂದು ಮಾವ ಎದ್ದರು.

ಕಲ್ಲು ಇಳಿಸಿ, ಗಂಡ ತನ್ನ ಲಾರಿಗೆ ಪಟ್ಟಿಗಳನ್ನು ಕೂರಿಸಿ ಬೋಲ್ಟು ಬಿಗಿದ. "ಖಾಲಿ ಇದ್ದಾಗ ತಾಗಬಾರದು, ಭಾರ ಬಿದ್ದಾಗಷ್ಟೇ ಹೆಗಲು ಕೊಡಬೇಕು" ಎನ್ನುತ್ತಾ ಮಾವ ಸುತ್ತು ಬಂದರು. ಸ್ಪ್ಯಾನರು ಎತ್ತಿಕೊಡುತ್ತಿದ್ದ ಕಿರಿಸೊಸೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಓರಗಿತ್ತಿಯ ಕಡೆ ಎರಡು ಸಲ ಬೇಕೆಂದೇ ನೋಡಿದಳು.

"ಸರಿ, ಬೆಟ್ಟದ ಮೇಲಿನ ಸೇತುವೆ ಕೆಲಸಕ್ಕೆ ಇನ್ನು ಪಟ್ಟಿ ಕೂತ ಈ ಲಾರಿನೇ" ಎಂದರು ಮಾವ, ಮಗನ ಬೆನ್ನು ತಟ್ಟಿ. "ನಿಮ್ಮಣ್ಣನಿಗೆ ಹೇಳಿಟ್ಟಿದ್ದೆ, ಅವನದೇ ಹೆಚ್ಚು ಕುಸಿಯತ್ತೆ ಅಂದ್ಕೊಂಡು. ಇರಲಿ, ನೀನೇ ಹೊರಡು. ಸೇತುವೆ ಏಳೋ ತನಕ ಅಲ್ಲೇ ಬಿಡಾರ. ಮುಂದಿನ ವರ್ಷ ಮನೆ ಮುಖ ನೋಡಿದ್ರೆ ನಿನ್ನ ಪುಣ್ಯ."

"ಆಗಲಪ್ಪ!" ಗಂಡನ ಮುಖ ಅರಳಿತು. ದೊಡ್ಡ ಕೆಲಸವನ್ನು ಅಪ್ಪ ಅವನಿಗೆ ಒಪ್ಪಿಸಿದ್ದು ಇದೇ ಮೊದಲು.

ಓರಗಿತ್ತಿ ಒಳಗೆ ಓಡಿ ಒಂದು ಗಂಟು ತಂದು ಕಿರಿಸೊಸೆಯ ತೋಳಿಗೆ ತುರುಕಿದಳು. ಕಂಬಳಿ, ಸ್ವೆಟರು, ಉಣ್ಣೆಯ ಟೋಪಿ. "ನಮ್ಮವರಿಗೆ ಅಂತ ಕಟ್ಟಿಟ್ಟಿದ್ದೆ ಕಣೆ. ಅಳ್ತಾ ಅಳ್ತಾ ಮಡಚಿದ್ದು. ಅಲ್ಲಿ ಚಳಿಯಂತೆ, ನಿನ್ನ ಗಂಡನಿಗೆ ಆಗತ್ತೆ, ತಗೋ." ಅಷ್ಟು ಹೇಳಿ, ಮೊನ್ನೆಮೊನ್ನೆ ಮದುವೆಯಾದವಳ ಹಾಗೆ ಸೆರಗು ಹಾರಿಸಿಕೊಂಡು ಭಾವನ ಸ್ನಾನಕ್ಕೆ ನೀರು ಕಾಯಿಸಲು ಹೋದಳು.

ಗಂಡ ಸಿಳ್ಳೆ ಹಾಕುತ್ತಾ ಬಂದು ಗಂಟನ್ನು ಇಸಿದುಕೊಂಡು ಸೀಟಿನ ಹಿಂದೆ ಒತ್ತಿದ.

"ಮಾವ..." ಎಂದಳು ಕಿರಿಸೊಸೆ. ದನಿ ಅವಳಿಗೇ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು, ಇಡೀ ಶೆಡ್ಡು ಕೇಳುವ ಹಾಗೆ ಅಂದಳು: "ಆ ಪಟ್ಟಿ ಬಿಚ್ಚಿ ಭಾವನ ಲಾರಿಗೇ ಹಾಕಿಸಿ, ಮಾವ."

ಸಿಳ್ಳೆ ನಿಂತಿತು. ಕೆಲಸ ಮುಗಿಯಿತೆಂಬಂತೆ ಮಾವ ಸ್ಪ್ಯಾನರನ್ನು ಒರೆಸಿ ಗೋಡೆಯ ಮೊಳೆಗೆ ನೇತುಹಾಕಿದರು.