ನೇಗಿಲು ಎತ್ತಿದ ಜಾಗ

"ನನ್ನ ಹಿತ್ತಲನ್ನೂ ಅಳೀಬೇಕಾ?" ಒಪ್ಪಿಯಾ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಅಳತೆ ಅಂದ್ರೆ ಅಳತೆ," ಎಂದ ನೋವಿಯಸ್. ಹೊಸ ಊರಿನ ಗೋಡೆಗೆ ಗುರುತು ಹಾಕುವ ಅಳತೆಗಾರ ಅವನು. ಹೆಗಲ ಮೇಲೆ ಕೆಂಪು ಸವರಿದ ಹಗ್ಗ. "ನಾನು ಸಂದಿಯಿಂದ ಹೋಗ್ತೀನಿ. ನೀನು ಒಲೆ ನೋಡ್ಕೊ. ನಿನ್ನೆ ಬೇಳೆಗೆ ಉಪ್ಪು ಜಾಸ್ತಿಯಾಗಿತ್ತು."

"ಮೂರು ಬಟ್ಟಲು ಕುಡಿದಾದ ಮೇಲೆ ಗೊತ್ತಾಯ್ತಾ?"

ಅವನು ಸಂದಿಗೆ ತಿರುಗಿದ. ಒಪ್ಪಿಯಾ ಒಳಗೆ ಹೋಗಿ ಸೌಟನ್ನು ಬೇಳೆಯ ಮಡಕೆಗೆ ಕುಕ್ಕಿದಳು.

ನಿವೃತ್ತ ಸಿಪಾಯಿಗಳಿಗಾಗಿ ಆಫ್ರಿಕದ ಆ ಬಯಲಿನಲ್ಲಿ ರೋಮ್ ಊರು ಕಟ್ಟಿಸುತ್ತಿತ್ತು. ಇಂದು ದಳಪತಿ ಬಿಳಿ ಹೋರಿ, ಬಿಳಿ ಹಸು ಹೂಡಿ ಊರಿನ ಸುತ್ತ ಉಳುತ್ತಾನೆ. ನೇಗಿಲು ಗೀರಿದಲ್ಲಿ ಗೋಡೆ. ನೇಗಿಲನ್ನು ಎತ್ತಿ ದಾಟಿಸಿದಲ್ಲಿ ಬಾಗಿಲು. ನೋವಿಯಸ್ ನೆಟ್ಟ ಗೂಟಗಳ ಪ್ರಕಾರ ಬಾಗಿಲು ದೂರದ ತಿರುವಿನಲ್ಲಿತ್ತು. ಒಪ್ಪಿಯಾಳ ಊಟದಂಗಡಿಯ ಮುಂದೆ ಬರೀ ಗೋಡೆ. ರಸ್ತೆಯ ಗಾಡಿಯವರೇ ಅವಳ ಗಿರಾಕಿಗಳು. ನಾಳೆಯಿಂದ ಅವರು ಆಚೆ, ಅವಳ ಒಲೆ ಈಚೆ.

ಅವಳು ಬೇಡಿಕೊಂಡಿದ್ದಳು, ಜೇನು ಕೊಟ್ಟಿದ್ದಳು. ಅವನು ಜೇನು ನೆಕ್ಕಿ ಹೇಳಿದ್ದ: "ನಕ್ಷೆ ದಳಪತಿಗಳದ್ದು. ಗೂಟ ಕದಲಿಸೋ ಅಧಿಕಾರ ನನಗಿಲ್ಲ. ದೇವರಿಗಾದ್ರೆ ಉಂಟು."

ಪಕ್ಕದ ಮನೆಯ, ಹಾಲು ಮಾರುವ ರುಬ್ರಿಯಾ ಏದುಸಿರು ಬಿಡುತ್ತ ಬಂದಳು. "ನನ್ನ ಕರು ಕಂಡ್ಯಾ? ತಾಯಿನ ನೇಗಿಲಿಗೆ ಕೊಟ್ಟು ಬರೋಷ್ಟರಲ್ಲಿ ಮಾಯ!"

"ನನ್ನ ಅಂಗಡಿನೇ ಮಾಯ ಆಗ್ತಿದೆ ಅಕ್ಕ, ನಿನ್ನ ಕರು ಎಲ್ಲಿ ಹುಡುಕ್ಲಿ?"

"ಅಳ್ಬೇಡ ಕಣೇ. ಗೋಡೆಗೆ ಏಣಿ ಹಾಕಿ ಬೇಳೆ ಬಡಿಸು!"

ಕೊಳಲು ಕೇಳಿಸಿತು. ಜನ ನುಗ್ಗಿದರು. ನೋವಿಯಸ್ ಮುಂದೆ ಮುಂದೆ ಹೆಜ್ಜೆ ಎಣಿಸಿ ದೂರ ಅಳೆಯುತ್ತ, ಕೈ ಬೀಸುತ್ತ ಬಂದ. ಹಿಂದೆ, ತಲೆಗೆ ಬಿಳಿ ವಸ್ತ್ರ ಹೊದ್ದು ಬೆವರುತ್ತಿದ್ದ ದಳಪತಿ. ನೇಗಿಲಿನ ಕಂಚಿನ ಗುಳ ಮಣ್ಣು ಸೀಳುತ್ತಿತ್ತು. ಗೀರು ಅಂಗಡಿಯ ಮುಂದಕ್ಕೆ ಬಂತು. ಒಪ್ಪಿಯಾ ಕಣ್ಣು ಮುಚ್ಚಿಕೊಂಡಳು.

ಕೊಳಲು ನಿಂತಿತು.

ಕಣ್ಣು ಬಿಟ್ಟರೆ, ಹಸು ಕಿವಿ ನಿಮಿರಿಸಿ ಅಂಗಡಿಯ ಕಡೆಗೇ ನೋಡುತ್ತ ನಿಂತಿದೆ. ದಳಪತಿ ಗದರಿದ. ಹಸು "ಅಂಬಾ" ಎಂದಿತು, ಕಾಲು ಕೀಳಲಿಲ್ಲ. ಗೀರು ಎಳೆಯುವಾಗ ದನಗಳನ್ನು ಬೇರಾರೂ ಮುಟ್ಟುವಂತಿಲ್ಲ. ದಳಪತಿ ಚಾಟಿ ಎತ್ತಿದ.

"ಹೊಡೀಬೇಡಿ ಸ್ವಾಮಿ, ಅಪಶಕುನ," ಎಂದ ನೋವಿಯಸ್, ಮುಖ ಸಿಂಡರಿಸಿ. "ನೆಲದಲ್ಲಿ ನೇಗಿಲು ನಿಂತ್ರೂ ಅಪಶಕುನವೇ. ಗೂಟ ಏನಾದ್ರೂ ಹೇಳ್ಲಿ, ಎತ್ತಿಬಿಡಿ."

ದಳಪತಿ ನೇಗಿಲು ಎತ್ತಿದ. ಈಗ ಮುಟ್ಟಬಹುದಿತ್ತು, ನಾಲ್ವರು ಸೇರಿ ಹಸುವನ್ನು ತಳ್ಳಿ, ಗಾಡಿ ಹಿಡಿಸುವಷ್ಟು ಅಗಲ ದಾಟಿಸಿದರು.

"ಬಾಗಿಲು! ಬೇಳೆ ಅಂಗಡಿ ಮುಂದೇ ಬಾಗಿಲು!" ಗಾಡಿಯವರು ಟೋಪಿ ಹಾರಿಸಿದರು. ರುಬ್ರಿಯಾ ಒಪ್ಪಿಯಾಳನ್ನು ತಬ್ಬಿಕೊಂಡಳು. "ನನ್ನ ಹಸುವಿಗೆ ಮೈಮೇಲೆ ದೇವರು ಬಂದಿತ್ತು ಕಣೇ!"

"ತಿಂಗಳ ಕೆಲಸ ಹಾಳು," ಎಂದು ಗೊಣಗುತ್ತ ನೋವಿಯಸ್ ಬೆಂಚಿನ ಮೇಲೆ ಕುಳಿತ. "ಬೇಳೆ ಆಯ್ತಾ? ಉಪ್ಪು ನೋಡಿ ಹಾಕು."

ಒಪ್ಪಿಯಾ ನಗುತ್ತ ಸೌದೆ ತರಲು ಹಿತ್ತಲಿಗೆ ಓಡಿದಳು.

ಅಲ್ಲಿ ಅಂಜೂರದ ಮರಕ್ಕೆ ರುಬ್ರಿಯಾಳ ಕರುವನ್ನು ಕಟ್ಟಿತ್ತು, ಕೆಂಪು ಸವರಿದ ಹಗ್ಗದಲ್ಲಿ.