ಅಜ್ಜಿಯ ಮೊದಲಿನ ಹೆಸರು

ಧಾರವಾಡದ ವಂಶಾವಳಿ ಸಮ್ಮೇಳನಕ್ಕೆ ಸತ್ತವರು ಈ ವರ್ಷವೂ ಬೆಳಿಗ್ಗೆಯೇ ಬಂದಿದ್ದರು. ಬದುಕಿದ್ದಾಗ ಯಾವ ಕರೆಯನ್ನು ತಮ್ಮದೆಂದುಕೊಂಡಿದ್ದರೋ ಅದಕ್ಕೆ ಮಾತ್ರ ನಿಂತು ಮಾತಾಡುತ್ತಾರೆ. ಬೇರೆ ಏನು ಕೂಗಿದರೂ ಹಾಗೇ ನಡೆದುಹೋಗುತ್ತಾರೆ. ಮೂರು ಸಮ್ಮೇಳನ ಕಳೆದರೂ ಯಾರಿಗೂ ಸಿಗದವರು ಮತ್ತೆ ಬರುವುದಿಲ್ಲ. ನಮ್ಮ ಅಜ್ಜಿಗೆ ಇದು ಮೂರನೆಯದು.

ಅಜ್ಜಿ ಫೋಟೋದಲ್ಲಿದ್ದಂತೆಯೇ ಇದ್ದಳು, ಎಳೆಯ ಹುಡುಗಿ. ಎಪ್ಪತ್ತು ದಾಟಿದ ನನ್ನ ಅವ್ವ "ಸತ್ಯಭಾಮಾ! ಸತ್ಯಭಾಮಾ!" ಎಂದು ಕೂಗುತ್ತ ಅವಳ ಹಿಂದೆ ಓಡುತ್ತಿದ್ದಳು. ಅದು ಮದುವೆಯ ದಿನ ಅಜ್ಜ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದಿಟ್ಟ ಹೆಸರು. ಅಜ್ಜಿ ಹೊರಳಲಿಲ್ಲ.

ಸತ್ತವರ ನಡುವೆಯೇ ಇದ್ದ ಅಜ್ಜನನ್ನು ಆಗಲೇ ಕರೆದು ಕೇಳಿದ್ದೆವು. "ಅಕಿ ಮೊದಲಿನ ಹೆಸರು ನನಗ್ಯಾಕ ಬೇಕಾಗಿತ್ತು? ನಾ ಕೇಳೇ ಇಲ್ಲ," ಎಂದವನೇ ಊಟದ ಸಾಲಿನತ್ತ ಹೋದ. ನನಗೆ ಮೈಯೆಲ್ಲ ಉರಿದುಹೋಯಿತು.

"ಹಿರಿಯರೆಲ್ಲಾ ಹೊರಡಬೇಕ್ರಿ," ಎಂದು ಮೈಕಿನಲ್ಲಿ ಸತ್ತವರಿಗೆ ಹೇಳಿದರು. ಅವ್ವ ನದಿಗಳ ಹೆಸರು ಹಿಡಿದು ಕರೆದಳು, ದೇವಿಯರ ಹೆಸರು, ಹೂವಿನ ಹೆಸರು ಹಿಡಿದು ಕರೆದಳು. ಅಜ್ಜಿ ಬಾಗಿಲ ತನಕ ಹೋಗಿದ್ದಳು.

"ವೈಜೂ, ಇನ್ನೊಂದು ಹೆಸರು ಹೇಳ, ಲಗೂ!"

ಅವ್ವ ನನ್ನ ತೋಳು ಹಿಡಿದು ಜಗ್ಗಿದಳು.

ಕೊನೆಗೆ ಅವ್ವ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ "ಅವ್ವಾ!" ಎಂದು ಚೀರಿದಳು.

ಬಾಗಿಲ ಬಳಿಯಿದ್ದ ಸತ್ತ ಹೆಂಗಸರೆಲ್ಲ ತಟ್ಟನೆ ನಿಂತು ಹೊರಳಿ ನೋಡಿದರು. ಅಜ್ಜಿಯೊಬ್ಬಳೇ ನೋಡಲಿಲ್ಲ. ಅವ್ವನನ್ನು ಹಡೆದ ದಿನವೇ ತೀರಿಕೊಂಡವಳನ್ನು ಯಾರೂ ಎಂದೂ ಹಾಗೆ ಕರೆದಿರಲಿಲ್ಲ.